ಕಸಿ ಚಾಕು ನಾವೇ ಮಾಡ್ಕೊಳ್ಳೋಣ

ಶ್ರೀನಿವಾಸಪುರ ಅಂದ್ರೆ ಮಾವು. ತೋತಾಪುರಿ, ಬಾದಾಮಿ, ಮಲ್ಲಿಕಾ ಯಾವುದೇ ಇರಲಿ, ಗಿಡ ಬರುವುದು ಕಸಿಯಿಂದ. ಗಿಡಕ್ಕೂ ಕಡ್ಡಿಗೂ ಬೆಸುಗೆಯಾಗಬೇಕಾದರೆ ಕೊಯ್ತ ಸಪಾಟಾಗಿರಬೇಕು. ಮೊಂಡು ಚಾಕು ತೊಗಟೆಯನ್ನು ಹರಿಯುತ್ತದೆ. ಸಂದು ಉಳಿದು ಕಡ್ಡಿ ಒಣಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು ಕಡೆ ಹಳ್ಳಿಯ ಕುಲುಮೆಗಳು ಕಡಿಮೆಯಾಗುತ್ತಿವೆ. ಟ್ರ್ಯಾಕ್ಟರ್ ಬಂದ ಮೇಲೆ ಗುಳ ಹಣಿಸುವವರೇ ಇಲ್ಲ. ಉಳಿದಿರುವ ಕುಲುಮೆಯಲ್ಲಿ ಬಿಡುವಿನ ದಿನ ಕೂತು ಕಲಿತರೆ ಹವ್ಯಾಸವೂ ಆಯ್ತು, ಕೈಗೊಂದು ಚಾಕೂ ಆಯ್ತು.

ಉಕ್ಕು ಯಾವುದು?

ಬರೀ ಕಬ್ಬಿಣ ಗಡಸಾಗದು, ಅದರಲ್ಲಿ ಇಂಗಾಲ ಬೇಕು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಕಬ್ಬಿಣದ ಜೊತೆ ತಂಗಡಿ ಕಡ್ಡಿ ಇಟ್ಟು ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನಮ್ಮ ಬದುಗಳಲ್ಲಿರುವ ಅದೇ ತಂಗಡಿ! ಈಗ ಅಷ್ಟು ಕಷ್ಟ ಬೇಡ. ಮಚ್ಚಿಗೆ ಲಾರಿಯ ಸ್ಪ್ರಿಂಗ್ ಪಟ್ಟಿ, ಕಸಿ ಚಾಕುವಿಗೆ ಸವೆದ ಒಳ್ಳೆಯ ಅರ ಸಾಕು.

ಮೂರು ಬೆಂಕಿ

ಮೊದಲನೆಯದು ಮೆದು ಮಾಡಲು. ಅರವನ್ನು ಕೆಂಪಗೆ ಕಾಯಿಸಿ ಬಿಸಿ ಬೂದಿಯಲ್ಲಿ ರಾತ್ರಿಯಿಡೀ ಹುಗಿದಿಡಿ. ಬೆಳಿಗ್ಗೆ ಇನ್ನೊಂದು ಅರದಿಂದ ಉಜ್ಜಿ ಆಕಾರ ಕೊಡಬಹುದು. ಬಾಯಿಯನ್ನು ಈಗಲೇ ತೀರ ತೆಳ್ಳಗೆ ಮಾಡಬೇಡಿ, ಬೆಂಕಿಯಲ್ಲಿ ಸೀಳುತ್ತದೆ.

ಎರಡನೆಯದು ಗಡಸು ಮಾಡಲು. ಮತ್ತೆ ಕೆಂಪಗೆ ಕಾಯಿಸಿ ಆಯಸ್ಕಾಂತಕ್ಕೆ ತಾಗಿಸಿ. ಸುಮಾರು 770 ಡಿಗ್ರಿ ದಾಟಿದರೆ ಅಂಟುವುದಿಲ್ಲ. ಇನ್ನು ತುಸು ಕಾಯಿಸಿ ಬೆಚ್ಚಗಿನ ಎಣ್ಣೆಗೆ ನೇರವಾಗಿ ಇಳಿಸಿ. ಎಣ್ಣೆ ಹೊತ್ತಿಕೊಳ್ಳಬಹುದು. ಕಬ್ಬಿಣದ ಡಬ್ಬ, ಮುಚ್ಚಳ ಜೊತೆಗಿರಲಿ, ಕಣ್ಣಿಗೆ ಕನ್ನಡಕ ಇರಲಿ.

ಈಗ ಚಾಕು ಗಾಜಿನ ಹಾಗೆ. ಬಿದ್ರೆ ಎರಡು ತುಂಡು. ಆದ್ದರಿಂದ ಮೂರನೆಯ ಬೆಂಕಿ. ಅಲಗನ್ನು ಹೊಳೆಯುವಂತೆ ಉಜ್ಜಿ, ಬೆನ್ನಿನ ಕಡೆಯಿಂದ ಕೆಂಡದ ಮೇಲೆ ನಿಧಾನ ಕಾಯಿಸಿ. ಬಾಯಿಗೆ ಒಣಹುಲ್ಲಿನ ಬಣ್ಣ ಬಂದ ಕೂಡಲೇ ನೀರಿಗದ್ದಿ. ನೀಲಿಗೆ ತಿರುಗಿದರೆ ಹದ ತಪ್ಪಿತು, ಹರಿತ ನಿಲ್ಲದು. ಕುಲುಮೆಯವರ ಕಣ್ಣಿಗಿರುವ ವಿದ್ಯೆ ಇದೇ. ಪುಸ್ತಕ ಓದಿ ಬರುವಂಥದ್ದಲ್ಲ, ಪಕ್ಕದಲ್ಲಿ ನಿಂತು ನೋಡಬೇಕು.

ಸಾಣೆ

ಕಸಿ ಚಾಕುವಿಗೆ ಒಂದೇ ಮಗ್ಗುಲಲ್ಲಿ ಸಾಣೆ ಹಿಡಿಯಿರಿ, ಇನ್ನೊಂದು ಮಗ್ಗುಲು ಚಪ್ಪಟೆಯಾಗಿರಲಿ. ಆಗಲೇ ಕೊಯ್ತ ಸಪಾಟು ಬರುವುದು. ಯಂತ್ರದ ಸಾಣೆಯಾದರೆ ಆಗಾಗ ನೀರಿಗದ್ದಿ. ಬಿಸಿಯೇರಿದರೆ ಹಾಕಿದ ಹದವೆಲ್ಲ ಹೋಯ್ತು. ಹಿಡಿಗೆ ಹುಣಸೆ ಅಥವಾ ಜಾಲಿ ಮರ ಆದೀತು. ಮಾವಿನ ಸೊನೆ ಅಲಗನ್ನು ಕಪ್ಪಾಗಿಸುತ್ತದೆ. ಕೆಲಸ ಮುಗಿದ ಮೇಲೆ ಒರೆಸಿ ಎಣ್ಣೆ ಸವರಿಡಿ.

ಹಾಂ, ಕಲಿಸಿದವರಿಗೆ ಅವರ ದಿನಗೂಲಿ ಕೊಡುವುದು ಮರೆಯಬೇಡಿ. ಕುಲುಮೆ ಉರಿಯುತ್ತಿದ್ದರೆ ತಾನೇ ಮುಂದಿನವರೂ ಕಲಿಯುವುದು?