ಆರು ದಶಕ ದಾಟಿದ ‘ತಾತ್ಕಾಲಿಕ’

ಪ್ರತಿ ವರ್ಷ ನವೆಂಬರ್ ಬರುತ್ತಿದ್ದಂತೆ ತುಮಕೂರಿನ ಬಿ.ಎಚ್. ರಸ್ತೆಯ ಬದಿಯಲ್ಲಿ ಸ್ವೆಟರ್ ಮಾರುವ ಟಿಬೆಟನ್ನರ ಮಳಿಗೆಗಳು ಏಳುತ್ತವೆ. ಅವರಲ್ಲಿ ಒಬ್ಬ ಮಹಿಳೆಯ ಬಳಿ ನಾನು ಹಲವು ವರ್ಷಗಳಿಂದ ಮಫ್ಲರ್, ಮೊಮ್ಮಕ್ಕಳಿಗೆ ಟೋಪಿ ಕೊಳ್ಳುತ್ತ ಬಂದಿದ್ದೇನೆ. ಆಕೆ ಹುಟ್ಟಿ ಬೆಳೆದದ್ದು ಬೈಲುಕುಪ್ಪೆಯಲ್ಲಿ. ಆಡುವ ಕನ್ನಡದಲ್ಲಿ ಪಿರಿಯಾಪಟ್ಟಣದ ಸೊಗಡಿದೆ. ನಾನು ಕಂದಾಯ ಇಲಾಖೆಯಲ್ಲಿದ್ದವನೆಂದು ಹೇಗೋ ತಿಳಿದುಕೊಂಡಿದ್ದ ಅವರು ಕಳೆದ ಚಳಿಗಾಲದಲ್ಲಿ, ‘ಸಾರ್, ನಮ್ಮ ಕಾಗದ ಸ್ವಲ್ಪ ನೋಡಿ ಹೇಳ್ತೀರಾ?’ ಎಂದು ಪ್ಲಾಸ್ಟಿಕ್ ಚೀಲದಿಂದ ಎರಡು ದಾಖಲೆಗಳನ್ನು ತೆಗೆದರು. ವಿದೇಶಿಯರಿಗೆ ಕೊಡುವ ನೋಂದಣಿ ಪ್ರಮಾಣಪತ್ರಗಳು. ಅವರ ಬಾಯಲ್ಲಿ ‘ಆರ್.ಸಿ.’. ಒಂದು ಅವರದು, ಹುಟ್ಟಿದ ವರ್ಷ 1985. ಇನ್ನೊಂದು ತಮ್ಮನದು, 1989. ‘ನಾನು ಇಂಡಿಯನ್ ಆಗಬಹುದಂತೆ, ಅವನು ಆಗೋಕ್ಕಾಗಲ್ವಂತೆ. ಹೌದಾ ಸಾರ್?’

ಹೌದೆನ್ನಬೇಕಾಯಿತು. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಜನ್ಮತಃ ಭಾರತೀಯರು. ಆ ದಿನದ ನಂತರ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಹೀಗಾಗಿ ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕ ಪ್ರಜೆ, ತಮ್ಮ ವಿದೇಶಿ. ದೆಹಲಿ ಹೈಕೋರ್ಟ್ 2010ರಲ್ಲಿಯೂ ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿಯೂ ಈ ನಿಯಮ ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ಎತ್ತಿಹಿಡಿದವು. 2014ರಲ್ಲಿ ಚುನಾವಣಾ ಆಯೋಗ ಇಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಟಿಬೆಟನ್ನರು ಇಲ್ಲಿಗೆ ಬಂದ ಬಗೆಯನ್ನು ಹೊಸ ತಲೆಮಾರಿನ ಓದುಗರಿಗೆ ನೆನಪಿಸುವುದು ಅಗತ್ಯ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮರುವರ್ಷವೇ ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯ ಕಾಡುಭೂಮಿಯನ್ನು ನಿರಾಶ್ರಿತರಿಗೆ ಬಿಟ್ಟುಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಸೀಮೆಗಳಲ್ಲಿಯೂ ನೆಲೆಗಳಾದವು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಸಹಿ ಹಾಕಿದ ಎಷ್ಟೋ ದೇಶಗಳಿಗಿಂತ ಔದಾರ್ಯದಿಂದ ನಡೆದುಕೊಂಡಿತೆಂಬುದು ನಿರ್ವಿವಾದ. ಆದರೆ ಕೊಟ್ಟ ಭೂಮಿ ಗುತ್ತಿಗೆಯದು, ಕೊಟ್ಟ ಕಾಗದ ನವೀಕರಣದ್ದು. ಮೊದಲು ವರ್ಷಕ್ಕೊಮ್ಮೆ ಇದ್ದ ಆರ್.ಸಿ. ನವೀಕರಣ ಈಗ ಬಹುಮಂದಿಗೆ ಐದು ವರ್ಷಕ್ಕೊಮ್ಮೆ ಆಗಿದೆ, ಅಷ್ಟೆ. 2025ರ ಸೆಪ್ಟೆಂಬರ್ 1ರಂದು 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿತು. ನೋಂದಾಯಿತ ಟಿಬೆಟನ್ನರಿಗೆ ಅದರಲ್ಲಿಯೂ ದೊರೆತಿರುವುದು ವಿನಾಯಿತಿ, ಹಕ್ಕಲ್ಲ. 2019ರ ಪೌರತ್ವ ತಿದ್ದುಪಡಿಯಂತೂ ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ ಬಂದವರಿಗೆ ಸೀಮಿತವಾದುದರಿಂದ ಇವರನ್ನು ಮುಟ್ಟುವುದೇ ಇಲ್ಲ.

ನವೀಕರಣವಾಗುತ್ತಲೇ ಇದೆಯಲ್ಲ, ತೊಂದರೆಯೇನು ಎಂದು ಕೇಳುವವರಿಗೆ ನನ್ನ ಸೇವಾವಧಿಯ ಅನುಭವವೊಂದನ್ನು ಹೇಳಬೇಕು. ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಬಗರ್ ಹುಕುಂ ಸಾಗುವಳಿದಾರರ ಜಮೀನು ತನಿಖೆಗೆ ಹೋಗುತ್ತಿದ್ದಾಗ ನಕ್ಷೆ ನೋಡುವ ಮೊದಲೇ ಗಡಿ ಗೊತ್ತಾಗುತ್ತಿತ್ತು. ಹಿಡುವಳಿ ಜಮೀನಿನಲ್ಲಿ ತೆಂಗಿನ ತೋಟ. ಅದರ ಬದುವಿಗೆ ಅಂಟಿಕೊಂಡ ಸರ್ಕಾರಿ ಭೂಮಿಯಲ್ಲಿ, ಅದೇ ಮಣ್ಣು ಅದೇ ಮಳೆಯಾದರೂ, ರಾಗಿ ಅಥವಾ ಹುರುಳಿ. ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಎಬ್ಬಿಸಿಯಾರೆಂಬ ಭಯವಿದ್ದವನು ತೆಂಗನ್ನು ಏಕೆ ನೆಟ್ಟಾನು? ಅರ್ಥಶಾಸ್ತ್ರದ ಪಠ್ಯಗಳು ಹಿಡುವಳಿಯ ಭದ್ರತೆಗೂ ಹೂಡಿಕೆಗೂ ಇರುವ ಸಂಬಂಧವೆಂದು ಪುಟಗಟ್ಟಲೆ ವಿವರಿಸುವುದನ್ನು ನಾನು ಕಲಿತದ್ದು ಆ ಬದುಗಳ ಮೇಲೆ. ಆದರೂ ಬಗರ್ ಹುಕುಂ ರೈತನಿಗೆ 1991ರಿಂದ ಸಕ್ರಮದ ಒಂದು ದಾರಿಯಾದರೂ ಇದೆ: ನಮೂನೆ 50, 53, ಈಗ 57. ಅರ್ಜಿಗಳು ಕೊಳೆಯಬಹುದು, ಸಮಿತಿ ಸಭೆ ಸೇರದೆ ಹೋಗಬಹುದು. ಕೊನೆಯಲ್ಲೊಂದು ಸಾಗುವಳಿ ಚೀಟಿ ಇದೆಯೆಂಬುದು ಅವನಿಗೆ ಗೊತ್ತು. 1989ರಲ್ಲಿ ಹುಟ್ಟಿದ ಆ ತಮ್ಮನಿಗೆ ಅಂಥ ನಮೂನೆಯೇ ಇಲ್ಲ.

ಇದೇ ಪ್ರಶ್ನೆ ಈಗ ಯುರೋಪಿನ ಮುಂದೆಯೂ ಬಂದು ನಿಂತಿದೆ. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಖಾರ್ಕಿವ್‌ನಲ್ಲಿ ಬಲಿಯಾದದ್ದು 2022ರ ಮಾರ್ಚ್ 1ರಂದು. ಮೂರು ದಿನಗಳ ನಂತರ ಯುರೋಪಿಯನ್ ಒಕ್ಕೂಟ, 2001ರಿಂದ ಬಳಕೆಯಾಗದೆ ಉಳಿದಿದ್ದ ತಾತ್ಕಾಲಿಕ ರಕ್ಷಣಾ ನಿರ್ದೇಶನವನ್ನು ಮೊದಲ ಬಾರಿಗೆ ಜಾರಿಗೊಳಿಸಿತು. ನಾಲ್ಕು ದಶಲಕ್ಷಕ್ಕೂ ಹೆಚ್ಚು ಉಕ್ರೇನಿಯನ್ನರಿಗೆ ವಾಸ, ಉದ್ಯೋಗ, ಶಾಲೆ, ಚಿಕಿತ್ಸೆಗಳ ಅವಕಾಶ ದೊರೆಯಿತು. ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ 2027ರ ಮಾರ್ಚ್ 4ಕ್ಕೆ ತಂದು ನಿಲ್ಲಿಸಲಾಗಿದೆ. ಆಮೇಲೇನು? ಐದು ವರ್ಷ ನೆಲೆಸಿದ ವಿದೇಶಿಯರಿಗೆ ದೀರ್ಘಾವಧಿ ವಾಸದ ಹಕ್ಕು ನೀಡುವ ಒಕ್ಕೂಟದ 2003ರ ನಿರ್ದೇಶನ, ತಾತ್ಕಾಲಿಕ ರಕ್ಷಣೆಯಡಿ ಇರುವವರನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದ್ದರಿಂದಲೇ 2025ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟ, ಉದ್ಯೋಗ, ವ್ಯಾಸಂಗ, ಕುಟುಂಬ ಮೊದಲಾದ ಆಧಾರದ ಮೇಲೆ ಅವರನ್ನು ಸಾಮಾನ್ಯ ವಾಸದ ಪರವಾನಗಿಗೆ ದಾಟಿಸುವಂತೆ ಸದಸ್ಯ ದೇಶಗಳಿಗೆ ಶಿಫಾರಸು ಮಾಡಿತು. ಜೆಕ್ ಗಣರಾಜ್ಯ ಆ ವರ್ಷವೇ ಐದು ವರ್ಷದ ವಿಶೇಷ ಪರವಾನಗಿಯನ್ನು ತಂದಿತು. ಆದರೆ ಅರ್ಜಿದಾರರಿಗೆ ವರ್ಷಕ್ಕೆ ಕನಿಷ್ಠ 4,40,000 ಕ್ರೌನ್ ಆದಾಯವಿರಬೇಕೆಂಬ ಷರತ್ತಿನೊಂದಿಗೆ. ಗಂಡನನ್ನು ಯುದ್ಧಕ್ಕೆ ಬಿಟ್ಟು ಮಕ್ಕಳೊಂದಿಗೆ ಬಂದ ಹೆಂಗಸರಲ್ಲಿ ಎಷ್ಟು ಮಂದಿ ಈ ಹೊಸ್ತಿಲು ದಾಟಿಯಾರು? ಹೀಗಿದ್ದರೂ, ತಾತ್ಕಾಲಿಕಕ್ಕೂ ಪೌರತ್ವಕ್ಕೂ ನಡುವೆ ಒಂದು ಮೆಟ್ಟಿಲು ಬೇಕೆಂದು ಯುರೋಪ್ ನಾಲ್ಕೇ ವರ್ಷದೊಳಗೆ ಒಪ್ಪಿಕೊಂಡಿದೆ. ನಾವು ಆರು ದಶಕ ಕಳೆದರೂ ಒಪ್ಪಿಲ್ಲ.

ದಾಟುವುದಕ್ಕೆ ಬೆಲೆ ಕಟ್ಟುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ. 2017ರಲ್ಲಿ ವಿದೇಶಾಂಗ ಸಚಿವಾಲಯ ಅರ್ಹ ಟಿಬೆಟನ್ನರಿಗೆ ಪಾಸ್‌ಪೋರ್ಟ್ ನೀಡಲು ಒಪ್ಪಿತಾದರೂ, ಆರ್.ಸಿ. ರದ್ದುಪಡಿಸಿಕೊಳ್ಳಬೇಕು, ನಿರಾಶ್ರಿತರ ನೆಲೆಯಲ್ಲಿ ವಾಸಿಸಬಾರದು, ಅಲ್ಲಿನ ಸವಲತ್ತು ಪಡೆಯಬಾರದೆಂದು ಷರತ್ತು ಒಡ್ಡಿತು. ‘ನೀವೇಕೆ ಅರ್ಜಿ ಹಾಕಲಿಲ್ಲಮ್ಮ?’ ಎಂದು ನಾನು ಕೇಳಿದ್ದಕ್ಕೆ ಸ್ವೆಟರ್ ಮಡಿಚುತ್ತಲೇ ಆಕೆ ಹೇಳಿದರು: ‘ಅಮ್ಮ ಕ್ಯಾಂಪಿನ ಮನೇಲಿದ್ದಾರೆ. ಅವರನ್ನ ಬಿಟ್ಟು ಎಲ್ಲಿಗೆ ಹೋಗಲಿ ಸಾರ್?’

ಎದುರು ವಾದಗಳಿಲ್ಲವೆಂದಲ್ಲ. ಪೌರತ್ವ ಪಡೆದರೆ ತಾಯ್ನಾಡಿಗೆ ಮರಳುವ ಹೋರಾಟ ಸಡಿಲವಾದೀತೆಂಬ ಅಳುಕು ಟಿಬೆಟನ್ ಸಮುದಾಯದೊಳಗೇ ಇದೆ. ನೆಲೆಗಳ ಸುತ್ತಲಿನ ಭೂಹೀನರಿಗೆ, ನಮಗಿಲ್ಲದ ಎಕರೆ ಇವರಿಗೇಕೆಂಬ ಅಸಮಾಧಾನವಿದೆ; ಅದನ್ನು ತಳ್ಳಿಹಾಕುವಂತಿಲ್ಲ. ಚೀನಾದೊಂದಿಗಿನ ಸಂಬಂಧದ ಸೂಕ್ಷ್ಮವೂ ಇದೆ. ಈ ಮೂರು ಆತಂಕಗಳಿಗೂ ಪೌರತ್ವಕ್ಕಿಂತ ಕಾಯಂ ವಾಸದ ಪರವಾನಗಿಯೇ ಸೂಕ್ತ ಉತ್ತರವೆಂದು ನನಗೆ ತೋರುತ್ತದೆ. ಅದು ಯಾರನ್ನೂ ತಾಯ್ನಾಡಿನ ಆಸೆ ಬಿಡೆನ್ನುವುದಿಲ್ಲ, ಮತದ ಹಕ್ಕು ಕೊಡುವುದಿಲ್ಲ, ಗುತ್ತಿಗೆ ಭೂಮಿಯ ಒಡೆತನವನ್ನೂ ಬದಲಿಸುವುದಿಲ್ಲ. ಹತ್ತು ವರ್ಷ ನೋಂದಾಯಿತರಾಗಿ, ಕ್ರಿಮಿನಲ್ ಪ್ರಕರಣವಿಲ್ಲದೆ ಬಾಳಿದವರಿಗೆ ನವೀಕರಣ ಬೇಡದ ಒಂದು ಪತ್ರವನ್ನು, ನೆಲೆ ತೊರೆಯಬೇಕೆಂಬ ಷರತ್ತಿಲ್ಲದೆ, ಕೊಡುವುದು. ಪೌರತ್ವ ಬೇಕೆನ್ನುವವರ ದಾರಿ ಬೇರೆಯೇ ಇರಲಿ. ವಿದೇಶಿಯರ ವಿಷಯ ಕೇಂದ್ರದ್ದು. ಆದರೆ ಟಿಬೆಟನ್ನರ ಅತಿ ದೊಡ್ಡ ನೆಲೆಗಳನ್ನು ಇಟ್ಟುಕೊಂಡಿರುವ ಕರ್ನಾಟಕ ಈ ಪ್ರಸ್ತಾವವನ್ನು ಬರೆದು ಕಳುಹಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ತಮ್ಮನ ಆರ್.ಸಿ. ನವೀಕರಣದ ದಿನ ಹತ್ತಿರವಾಗುತ್ತಿತ್ತು. ಮಳಿಗೆಯ ಸ್ಟೂಲಿನ ಮೇಲೆ ಕುಳಿತು, ಅವನು ಯಾವ ಯಾವ ದಾಖಲೆಗಳ ಪ್ರತಿ ಜೋಡಿಸಿಟ್ಟುಕೊಳ್ಳಬೇಕೆಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟು ಮನೆಗೆ ಬಂದೆ.