ನ್ಯಾನೋ ಚಿಮಟ: ಮಗ್ಗದ ಉದ್ಯಮಿಗೊಂದು ಲೆಕ್ಕ

ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಹಾಸಿನ ಎಳೆಯೊಂದು ತುಂಡಾದರೆ ಮಗ್ಗವನ್ನು ನಿಲ್ಲಿಸಿ, ತುದಿಗಳನ್ನು ಬೆರಳುಗಳಿಂದ ಹಿಡಿದು ಗಂಟು ಹಾಕಬೇಕಾಗುತ್ತದೆ. ಅಷ್ಟು ಹೊತ್ತು ಉತ್ಪಾದನೆ ಇಲ್ಲ. ವೆಚ್ಚ ಮಾತ್ರ ನಿಲ್ಲುವುದಿಲ್ಲ. ವಸ್ತುವಿಗಷ್ಟೇ ಅಲ್ಲ, ಅದನ್ನು ಹಿಡಿದು ಜೋಡಿಸುವುದಕ್ಕೂ ಬೆಲೆಯುಂಟೆಂಬುದು ಇಲ್ಲಿಯ ಉದ್ಯಮಿಗಳಿಗೆ ಹೊಸ ಪಾಠವಲ್ಲ. ನ್ಯಾನೋ ತಂತ್ರಜ್ಞಾನವನ್ನು ಅಳೆಯಲೂ ಇದೇ ಪಾಠ ಸಾಕು.

ಎತ್ತುವುದು ಸುಲಭ, ಬಿಡುವುದು ಕಷ್ಟ

ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೋಮೀಟರ್. ಹತ್ತಿಯ ಒಂದು ನಾರಿನ ದಪ್ಪವೇ ಹತ್ತು ಸಾವಿರ ನ್ಯಾನೋಮೀಟರಿಗೂ ಹೆಚ್ಚು. ಇಷ್ಟು ಚಿಕ್ಕ ಗಾತ್ರದಲ್ಲಿ ಭಾರ ನಗಣ್ಯ. ಮೇಲ್ಮೈಗಳ ಅಂಟುಬಲವೇ ಪ್ರಧಾನ. ಆದುದರಿಂದ ಚಿಮಟ ಬಾಯಿ ತೆರೆದರೂ ಕಣವು ಅದಕ್ಕೇ ಅಂಟಿಕೊಂಡಿರುತ್ತದೆ.

ಈ ತೊಡಕಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೇರೊಂದು ಮಾರ್ಗವನ್ನು ಶೋಧಿಸಲಾಯಿತು. ಸೌವಿಕ್ ಘೋಷ್ ಮತ್ತು ಅಂಬರೀಶ್ ಘೋಷ್ ಅವರು ರೂಪಿಸಿದ ಚಲಿಸುವ ನ್ಯಾನೋ ಚಿಮಟದ ವಿವರಗಳು 2018ರಲ್ಲಿ ‘ಸೈನ್ಸ್ ರೊಬೋಟಿಕ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದವು. ಇದಕ್ಕೆ ದವಡೆಗಳಿಲ್ಲ. ತಿರುಪುಮೊಳೆಯ ಆಕಾರದ ಈ ಸೂಕ್ಷ್ಮ ರಚನೆಯು ಸುತ್ತುವ ಕಾಂತಕ್ಷೇತ್ರದ ಬಲದಿಂದ ದ್ರವದಲ್ಲಿ ಸಾಗುತ್ತದೆ. ಬೆಳಕಿನ ನೆರವಿನಿಂದ ಕಣವನ್ನು ಸೆಳೆದು ಹಿಡಿದು, ಬೇಕಾದಲ್ಲಿಗೆ ಒಯ್ದು ಬಿಡುತ್ತದೆ. ಜೀವಂತ ಬ್ಯಾಕ್ಟೀರಿಯಾವನ್ನೂ ಹೀಗೆ ಸಾಗಿಸಿ ತೋರಿಸಲಾಗಿದೆ.

ಒಂದು ಗ್ರಾಂ ಬೆಳ್ಳಿಯ ಲೆಕ್ಕ

20 ನ್ಯಾನೋಮೀಟರ್ ವ್ಯಾಸದ ಬೆಳ್ಳಿಯ ಕಣಗಳನ್ನು ಸೆಕೆಂಡಿಗೆ ಒಂದರಂತೆ ಎತ್ತಿಟ್ಟರೆ, ಕೇವಲ ಒಂದು ಗ್ರಾಂ ಮುಗಿಸಲು 70 ಕೋಟಿ ವರ್ಷಗಳಿಗೂ ಮಿಕ್ಕಿ ಕಾಲ ಬೇಕು! ಒಂದೊಂದಾಗಿ ಜೋಡಿಸುವ ವಿಧಾನವು ಒಂದೇ ಕಣಕ್ಕೆ, ಒಂದೇ ಜೀವಕೋಶಕ್ಕೆ ದೊಡ್ಡ ಮೌಲ್ಯವಿರುವ ವೈದ್ಯಕೀಯ ಸಂಶೋಧನೆ, ಸೂಕ್ಷ್ಮ ಸಂವೇದಕಗಳಂತಹ ಕ್ಷೇತ್ರಗಳಿಗೆ ಮಾತ್ರ ಸಲ್ಲುತ್ತದೆ. ಬಟ್ಟೆಗೆ ಬೆಳ್ಳಿಯ ಲೇಪನವಾಗುವುದು ಕಣಗಳಿರುವ ದ್ರಾವಣದಲ್ಲಿ ಬಟ್ಟೆಯನ್ನು ಅದ್ದಿ, ಹಿಂಡಿ, ಒಣಗಿಸುವುದರಿಂದ. ಇಲ್ಲಿ ಕೋಟ್ಯಂತರ ಕಣಗಳು ಏಕಕಾಲಕ್ಕೆ ಕೂರುತ್ತವೆ. ರೋಬೋಟಿಗೆ ಕೆಲಸವೇ ಇಲ್ಲ.

ಉದ್ಯಮಿಗಳು ಗಮನಿಸತಕ್ಕದ್ದು

‘ನ್ಯಾನೋ’ ಎಂಬ ಹೆಸರಿಗೇ ಹೆಚ್ಚಿನ ದರ ಕೇಳುವ ಪೂರೈಕೆದಾರರು ಬಂದಾಗ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಲೇಸು. ಲೇಪನವು ಎಷ್ಟು ಒಗೆತಗಳ ತನಕ ಉಳಿಯುತ್ತದೆ? ರೋಗಾಣು ನಿರೋಧಕ ಗುಣವನ್ನು ಐಎಸ್‌ಒ 20743 ಮಾನದಂಡದಂತೆ ಒಗೆತದ ಮೊದಲೂ ನಂತರವೂ ಪರೀಕ್ಷಿಸಲಾಗಿದೆಯೇ? ತೊಳೆದ ನೀರಿನೊಡನೆ ಹೊರಬೀಳುವ ಬೆಳ್ಳಿಯ ವಿಲೇವಾರಿ ಹೇಗೆ, ಅದರ ವೆಚ್ಚ ಯಾರದು?

ನಾಲ್ಕನೆಯ ಪ್ರಶ್ನೆಯನ್ನು ಉದ್ಯಮಿ ತನಗೆ ತಾನೇ ಕೇಳಿಕೊಳ್ಳಬೇಕು: ಒಂದು ಸೀರೆಗೆ ಬೀಳುವ ಹೆಚ್ಚುವರಿ ಖರ್ಚನ್ನು ಗಿರಾಕಿ ಕೊಡುವನೇ? ಇದಕ್ಕೆ ಉತ್ತರ ದೊರೆಯುವ ಮುನ್ನ ಸಾಲದ ಅರ್ಜಿಗೆ ಸಹಿ ಹಾಕುವುದು ವ್ಯಾಪಾರವೆನಿಸದು.