ಹಳೆಯ ಬಾಕಿ, ಹೊಸ ಸಾಲ

ಗೋರೆಗಾಂವ್‌ನಲ್ಲಿ ಸ್ವಂತ ಮನೆಗಾಗಿಯೋ ಮಕ್ಕಳ ಉನ್ನತ ಶಿಕ್ಷಣಕ್ಕಾಗಿಯೋ ನಮ್ಮವರು ಸಲ್ಲಿಸುವ ಸಾಲದ ಅರ್ಜಿ, ಎಂದೋ ಮರೆತ ಕ್ರೆಡಿಟ್ ಕಾರ್ಡ್ ಬಾಕಿಯಿಂದಾಗಿ ತಿರಸ್ಕೃತವಾಗುವುದನ್ನು ಬ್ಯಾಂಕಿನಲ್ಲಿರುವ ನಾವು ಕಾಣುತ್ತಿರುತ್ತೇವೆ.

ಮುಂಬಯಿಯಲ್ಲೇ 2000ನೇ ಇಸವಿಯಲ್ಲಿ ಸ್ಥಾಪನೆಗೊಂಡ ಸಿಬಿಲ್ ಸೇರಿದಂತೆ ನಾಲ್ಕು ಸಂಸ್ಥೆಗಳು, 2005ರ ಕಾಯಿದೆಯನ್ವಯ, ಸಾಲಗಾರರ ಮರುಪಾವತಿಯ ವಿವರಗಳನ್ನು ದಾಖಲಿಸಿ 300ರಿಂದ 900ರವರೆಗೆ ಅಂಕ ನೀಡುತ್ತವೆ. ಅಂಕ ಹೆಚ್ಚಿದಷ್ಟೂ ಸಾಲ ಸುಲಭ.

ಬ್ಯಾಂಕು ಬಾಕಿಯನ್ನು ‘ರೈಟ್ ಆಫ್’ ಮಾಡಿತೆಂದರೆ ಸಾಲ ಮನ್ನಾ ಆಯಿತೆಂದಲ್ಲ. ಅದು ಬ್ಯಾಂಕಿನ ಲೆಕ್ಕಪತ್ರದ ಕ್ರಮ ಮಾತ್ರ. ಸ್ವಲ್ಪ ಹಣ ಕೊಟ್ಟು ರಾಜಿಯಾದರೆ ವರದಿಯಲ್ಲಿ ‘ಸೆಟಲ್ಡ್’ ಎಂದಿರುತ್ತದೆ. ಪೂರ್ತಿ ತೀರಿಸಿದರಷ್ಟೇ ‘ಕ್ಲೋಸ್ಡ್’. ಊರಿನ ನೆಂಟರ ಸಾಲಕ್ಕೆ ಜಾಮೀನು ನಿಂತಿದ್ದರೆ ಅವರ ಸುಸ್ತಿಯೂ ನಮ್ಮ ವರದಿಯಲ್ಲಿ ಕಾಣಿಸುತ್ತದೆ.

ಆದುದರಿಂದ ಅರ್ಜಿಗೆ ಆರು ತಿಂಗಳ ಮೊದಲೇ ವರದಿ ತರಿಸಿ ನೋಡುವುದು ಒಳಿತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಕೊಡಬೇಕು. ಬಾಕಿ ತೀರಿಸಿ, ‘ನೋ ಡ್ಯೂಸ್’ ಪತ್ರ ಪಡೆದು ಜೋಪಾನವಾಗಿಡಬೇಕು. ದಾಖಲೆ ತಪ್ಪಾಗಿದ್ದರೆ ದೂರು ಸಲ್ಲಿಸಬೇಕು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನೀಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ತೀರಿಸಿದ ಮೇಲೂ ಹಳೆಯ ಸುಸ್ತಿಯ ಗುರುತು ಕೆಲವು ವರ್ಷ ಉಳಿಯುತ್ತದೆ. ಆದರೆ ಸಕಾಲಕ್ಕೆ ಕಟ್ಟಿದ ಕಂತುಗಳು ಅಂಕವನ್ನು ಮೆಲ್ಲಮೆಲ್ಲನೆ ಏರಿಸುತ್ತವೆ.